ಮಕ್ಕಳು ಬರುವ ಹಿಂದಿನ ದಿನ: ಸಂಪನ್ಮೂಲ ಕೊಠಡಿಯ ತಯಾರಿ

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ದಿನ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಕೊಠಡಿಗೆ ಹೋದರೆ ಮೊದಲ ಕೆಲಸ ಚಾರ್ಟ್ ಅಂಟಿಸುವುದಲ್ಲ, ಗೋಡೆ ಖಾಲಿ ಮಾಡುವುದು. ಮಗು ಕೂತು ಕೆಲಸ ಮಾಡುವ ಮೇಜಿನ ಎದುರಿಗೆ ಏನೂ ಇರಬಾರದು. ವರ್ಣಮಾಲೆ, ಹಣ್ಣಿನ ಚಿತ್ರ, ಕಳೆದ ವರ್ಷದ ತೋರಣ ಎಲ್ಲವನ್ನೂ ಬೆನ್ನ ಹಿಂದಿನ ಗೋಡೆಗೆ ಸಾಗಿಸುತ್ತೇವೆ. ಕೊಠಡಿ ಬೋಳಾಗಿ ಕಾಣುತ್ತದೆ ಎಂದು ನೋಡಿದವರು ಹೇಳುವುದುಂಟು. ಗಮನವನ್ನು ಒಂದೇ ಕಡೆ ನಿಲ್ಲಿಸಲು ಕಷ್ಟಪಡುವ ಮಗುವಿಗೆ ಬೇಕಾಗಿರುವುದು ಆ ಬೋಳುತನವೇ.

ಆಮೇಲೆ ಸ್ವತಂತ್ರ ಕೆಲಸದ ಮೂಲೆ. ಈ ವ್ಯವಸ್ಥೆ ಬಂದದ್ದು ಎರಿಕ್ ಶಾಪ್ಲರ್ ಮುಂದಾಳತ್ವದಲ್ಲಿ 1972ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆರಂಭವಾದ ಟೀಚ್ (TEACCH) ಕಾರ್ಯಕ್ರಮದಿಂದ. ಆಟಿಸಂ ಇರುವ ಮಕ್ಕಳಿಗೆಂದು ರೂಪಿಸಿದ್ದು, ಬೌದ್ಧಿಕ ನ್ಯೂನತೆ ಇರುವ ಮಕ್ಕಳಿಗೂ ಚೆನ್ನಾಗಿ ಒಗ್ಗುತ್ತದೆ. ನಾಲ್ಕು ಪ್ರಶ್ನೆಗಳಿಗೆ ನಾವು ಬಾಯಿ ಬಿಡದೆಯೇ ಮಗುವಿನ ಕಣ್ಣಿಗೆ ಉತ್ತರ ಸಿಗಬೇಕು: ಯಾವ ಕೆಲಸ, ಎಷ್ಟು ಕೆಲಸ, ಮುಗಿಯಿತೆಂದು ಹೇಗೆ ತಿಳಿಯುವುದು, ಆಮೇಲೆ ಏನು.

ಇದಕ್ಕೆ ದುಡ್ಡೇನೂ ಬೇಡ. ಮೇಜಿನ ಎಡಕ್ಕೆ ಸಣ್ಣ ಕಪಾಟು, ಅದರಲ್ಲಿ ಮೂರು ಚಪ್ಪಲಿ ಡಬ್ಬಿಗಳು, ಬಲಕ್ಕೆ ಒಂದು ದೊಡ್ಡ ಬುಟ್ಟಿ. ಡಬ್ಬಿಗಳ ಮೇಲೆ ಕೆಂಪು ವೃತ್ತ, ನೀಲಿ ಚೌಕ, ಹಸಿರು ತ್ರಿಕೋನ. ಮೇಜಿನ ಮೇಲಿನ ಪಟ್ಟಿಯಲ್ಲೂ ಅದೇ ಮೂರು ಆಕಾರಗಳು ವೆಲ್ಕ್ರೋದಲ್ಲಿ ಅಂಟಿಕೊಂಡಿರುತ್ತವೆ. ಮಗು ಪಟ್ಟಿಯ ಮೊದಲ ಆಕಾರ ಕಿತ್ತು, ಅದೇ ಆಕಾರದ ಡಬ್ಬಿಗೆ ಅಂಟಿಸಿ, ಡಬ್ಬಿ ಎಳೆದುಕೊಂಡು ಕೆಲಸ ಮಾಡಿ, ಬಲಗಡೆಯ ಬುಟ್ಟಿಗೆ ಹಾಕುತ್ತದೆ. ಪಟ್ಟಿ ಖಾಲಿಯಾದರೆ ಕೆಲಸ ಮುಗಿಯಿತು. ಪಟ್ಟಿಯ ಕೊನೆಯಲ್ಲಿ ಮಗುವಿಗೆ ಇಷ್ಟವಾದದ್ದರ ಚಿತ್ರ, ಉಯ್ಯಾಲೆಯೋ ನೀರಾಟವೋ. ಹೊಸ ಮಗುವಾದರೆ ಮೂರು ಬೇಡ, ಒಂದೇ ಡಬ್ಬಿಯಿಂದ ಶುರು.

ಇಲ್ಲಿ ಅತಿ ಹೆಚ್ಚು ಕೆಡುವುದು ಡಬ್ಬಿಯೊಳಗೆ ಏನಿಡುತ್ತೇವೆ ಎಂಬುದರಲ್ಲಿ. ಮಗು ಈಗಾಗಲೇ ಕಲಿತು ಮುಗಿಸಿದ ಕೆಲಸ ಮಾತ್ರ ಅಲ್ಲಿರಬೇಕು. ಹೊಸ ಪಾಠವನ್ನು ಅಲ್ಲಿಟ್ಟರೆ ಮಗು ಟೀಚರ್ ಮುಖ ನೋಡುತ್ತದೆ, ಟೀಚರ್ ಹೋಗಿ ಕೈ ಹಿಡಿದು ಮಾಡಿಸುತ್ತಾರೆ, ಸ್ವತಂತ್ರ ಕೆಲಸದ ಮೂಲೆ ಇನ್ನೊಂದು ಪಾಠದ ಮೇಜಾಗಿಬಿಡುತ್ತದೆ. ಹೊಸದು ಕಲಿಸಲು ಎದುರುಬದುರು ಕೂರುವ ಮೇಜು ಬೇರೆಯೇ ಇರಲಿ.

ಮಧ್ಯಾಹ್ನದವರೆಗಿನ ಹೊತ್ತು ಫೈಲ್ ಆಟಗಳಿಗೆ. ಮಡಚುವ ರಟ್ಟಿನ ಫೈಲ್ ತೆರೆದು, ಎಡಗಡೆ ಮೂರು ಚಿತ್ರ ಅಂಟಿಸಿ, ಬಲಗಡೆ ಮೂರು ಖಾಲಿ ಚೌಕ ಬರೆದು, ಬಿಡಿ ಕಾರ್ಡ್‌ಗಳನ್ನು ಜೋಡಿಸುವಂತೆ ಮಾಡುವುದು. ಕಾರ್ಡ್ ಕತ್ತರಿಸಿದ ಮೇಲೆ 125 ಮೈಕ್ರಾನ್ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿ, ಸುತ್ತ 3 ಮಿಲಿಮೀಟರ್ ಅಂಚು ಬಿಟ್ಟು ಮತ್ತೆ ಕತ್ತರಿಸಬೇಕು. ಅಂಚು ಬಿಡದಿದ್ದರೆ ಮಳೆಗಾಲದ ತೇವ ಒಳಗಿಳಿದು ಪದರ ಬಿಚ್ಚಿಕೊಳ್ಳುತ್ತದೆ. ಮೂಲೆಗಳನ್ನು ದುಂಡಗೆ ಮಾಡದೆ ಬಿಡಬೇಡಿ, ಚೂಪು ಮೂಲೆ ಕಣ್ಣಿಗೆ ತಾಗಬಹುದು. ಟ್ಯೂಬ್‌ಲೈಟ್ ಕೆಳಗೆ ಹೊಳೆಯುವ ಹಾಳೆ ದೃಷ್ಟಿ ಮಂದವಿರುವ ಮಗುವಿಗೆ ಏನನ್ನೂ ತೋರಿಸುವುದಿಲ್ಲ. ಅವರಿಗೆ ಹೊಳಪಿಲ್ಲದ ಹಾಳೆ, ಕಪ್ಪು ಹಿನ್ನೆಲೆ, ಒಂದು ಕಾರ್ಡಿಗೆ ಒಂದೇ ಚಿತ್ರ.

ವೆಲ್ಕ್ರೋಗೆ ಒಂದು ನಿಯಮ ಮಾಡಿಕೊಂಡು ಇಡೀ ಶಾಲೆ ಅದನ್ನೇ ಪಾಲಿಸಬೇಕು: ಮೆತ್ತನೆಯದು ಫೈಲಿಗೆ, ಒರಟಾದದ್ದು ಕಾರ್ಡಿಗೆ. ಒಬ್ಬೊಬ್ಬರು ಒಂದೊಂದು ಥರ ಅಂಟಿಸಿದರೆ ಒಬ್ಬರ ಕಾರ್ಡ್ ಇನ್ನೊಬ್ಬರ ಫೈಲಿಗೆ ಹಿಡಿಯುವುದೇ ಇಲ್ಲ. ಅಂಟಿಸುವ ಮೊದಲು ಮೇಲ್ಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಅಂಟಿಸಿದ ಮೇಲೆ 24 ಗಂಟೆ ಮುಟ್ಟದೆ ಬಿಡಿ. ಅಂಟು ಹಿಡಿದುಕೊಳ್ಳಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ಸ್ಟೇಪ್ಲರ್ ಹೊಡೆಯುವವರಿದ್ದಾರೆ. ಪಿನ್ನು ಕಳಚಿ ಬಾಯಿಗೆ ಹೋದರೆ ಏನಾಗುತ್ತದೆಂದು ಒಮ್ಮೆ ಯೋಚಿಸಲಿ.

ಆಟ ಚೆನ್ನಾಗಿ ಕಂಡರೂ ತಪ್ಪು ಪಾಠ ಕಲಿಸಬಹುದು. ಮಾವಿನ ಹಣ್ಣಿನ ಎರಡೂ ಕಾರ್ಡಿಗೆ ಹಳದಿ ಅಂಚು, ಸೇಬಿನದಕ್ಕೆ ಕೆಂಪು ಅಂಚು ಹಾಕಿದ್ದರೆ ಮಗು ಅಂಚನ್ನಷ್ಟೇ ಹೊಂದಿಸುತ್ತದೆ, ಹಣ್ಣನ್ನು ನೋಡುವುದೇ ಇಲ್ಲ. ಸರಿಯುತ್ತರ ಯಾವಾಗಲೂ ಒಂದೇ ಜಾಗದಲ್ಲಿದ್ದರೆ ಜಾಗ ಕಲಿಯುತ್ತದೆ. ಅದಕ್ಕೇ ಒಂದು ಫೈಲಿನ ಎಲ್ಲ ಕಾರ್ಡಿಗೂ ಒಂದೇ ಹಿನ್ನೆಲೆ, ಪ್ರತಿ ಸಲ ಜಾಗ ಬದಲು, ಮೂರು ಸಲೀಸಾದ ಮೇಲೆ ಎಲ್ಲಿಗೂ ಸೇರದ ಒಂದು ಹೆಚ್ಚುವರಿ ಕಾರ್ಡ್. ಆ ಹೆಚ್ಚುವರಿ ಕಾರ್ಡನ್ನು ಮಗು ಪಕ್ಕಕ್ಕಿಟ್ಟಾಗ ಹೊಂದಿಸುವುದು ನಿಜವಾಗಿ ಬಂದಿದೆ ಎನ್ನಬಹುದು.

ಕನ್ನಡ ಅಕ್ಷರಗಳ ಫೈಲಿಗೆ ಇನ್ನೂ ಹೆಚ್ಚು ತಾಳ್ಮೆ ಬೇಕು. ನಮ್ಮ ಲಿಪಿಯಲ್ಲಿ ಗೊಂದಲ ಹುಟ್ಟುವುದು ಒಂದು ಗೀಟಿನಲ್ಲಿ: ದ-ಧ, ಪ-ಷ, ಬ-ಭ. ಇಂಥ ಜೋಡಿಯನ್ನು ಎಂದೂ ಒಟ್ಟಿಗೆ ಶುರು ಮಾಡುವುದಿಲ್ಲ. ಮೊದಲು ಗ-ಜದಂಥ ದೂರದ ರೂಪಗಳು. ಪ-ಷಕ್ಕೆ ಬಂದಾಗ ನಾಲ್ಕು ಜೊತೆ ಕಾರ್ಡ್ ಮಾಡುತ್ತೇವೆ. ಮೊದಲ ಜೊತೆಯಲ್ಲಿ ಷದ ಹೊಟ್ಟೆ ಸೀಳುವ ಗೀಟು ಕಡುಗೆಂಪು, ಉಳಿದ ಗೆರೆಗಿಂತ ಎರಡು ಪಟ್ಟು ದಪ್ಪ. ಎರಡನೆಯದರಲ್ಲಿ ಕೆಂಪೇ, ಆದರೆ ಮಾಮೂಲಿ ದಪ್ಪ. ಮೂರನೆಯದರಲ್ಲಿ ಕಪ್ಪಿಗೆ ತೀರ ಹತ್ತಿರವಾದ ಕಂದು. ನಾಲ್ಕನೆಯದು ಪುಸ್ತಕದಲ್ಲಿರುವಂತೆ ಪೂರ್ತಿ ಕಪ್ಪು. ಬಣ್ಣ ಬೀಳುವುದು ಗೀಟಿನ ಮೇಲೆ ಮಾತ್ರ. ಇಡೀ ಷವನ್ನೇ ಕೆಂಪು ಮಾಡಿದರೆ ಮಗು ಕೆಂಪನ್ನು ಗುರುತಿಸಲು ಕಲಿಯುತ್ತದೆ, ಕಪ್ಪು ಕಾರ್ಡ್ ಬಂದ ದಿನ ಎಲ್ಲ ಕುಸಿಯುತ್ತದೆ. ಈ ನಾಲ್ಕು ಜೊತೆಗಳನ್ನು ತಯಾರಿಸಲು ಹಿಡಿಯುವ ಸಮಯ ಎಂದೂ ದಂಡವಲ್ಲ. ತಪ್ಪೇ ಆಗದಂತೆ ಮೆಟ್ಟಿಲು ಕಟ್ಟಿಕೊಟ್ಟ ಮಗು ಅಕ್ಷರಕ್ಕೆ ಹೆದರುವುದಿಲ್ಲ.

ಲೆಕ್ಕಕ್ಕೆ ನಮ್ಮ ಅಳಗುಳಿಮಣೆಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಎರಡು ಸಾಲು, ಸಾಲಿಗೆ ಏಳು ಗುಳಿ. ಪೂರ್ತಿ ಆಟ ಬೇಡ. ಒಂದೇ ಸಾಲು, ಗುಳಿಗೆ ಒಂದು ಹುಣಸೆಬೀಜ, ಎಡದಿಂದ ಬಲಕ್ಕೆ. ಒಂದಕ್ಕೆ ಒಂದು ಎಂಬ ಹೊಂದಾಣಿಕೆ ಬೆರಳಿನಲ್ಲೇ ಕೂರುತ್ತದೆ. ಹತ್ತರ ಚೌಕಟ್ಟು, ಅಂದರೆ ಹತ್ತರವರೆಗೆ ಎಣಿಸಲು ಐದೈದರ ಎರಡು ಸಾಲಿನ ಮನೆಗಳು, ಬೇಕಾದರೆ 30 ಮೊಟ್ಟೆಯ ಟ್ರೇ ಸಾಕು. ಅದು ಐದು-ಆರರ ಜೋಡಣೆಯಾದ್ದರಿಂದ ಎರಡೆರಡು ಸಾಲಿಗೆ ಕತ್ತರಿಸಿದರೆ ಐದು-ಎರಡರ ಮೂರು ಚೌಕಟ್ಟು ಬರುತ್ತವೆ. ಬಳಸಿದ ರಟ್ಟಿನ ಟ್ರೇ ಬೇಡ, ಅದರಲ್ಲಿ ಕೋಳಿಯ ಹಿಕ್ಕೆ, ಸೋಂಕು ಇರಬಹುದು. ಪ್ಲಾಸ್ಟಿಕ್‌ದಾದರೆ ಸೋಪಿನಲ್ಲಿ ತೊಳೆಯಬಹುದು. ಗುಲಗಂಜಿ ಕೊಠಡಿಯೊಳಗೆ ಬರಲೇಬಾರದು. ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿಗೆ, ವಯಸ್ಸು ಎಷ್ಟೇ ಇರಲಿ, ಹುಣಸೆಬೀಜವೂ ಬೇಡ. 4.5 ಸೆಂಟಿಮೀಟರಿಗಿಂತ ದೊಡ್ಡದಾದ ಮರದ ಗುಂಡು ಕೊಡಿ. ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಅಳತೆ ಹೇಳಿದರೆ ಮಾಡಿಕೊಡಬಲ್ಲರು.

ಸಂಜೆ ಉಳಿಯುವುದು ದಾಖಲೆ ಹಾಳೆ ಮತ್ತು ಜೋಡಣೆ. ಪ್ರತಿ ಫೈಲಿಗೂ ಒಂದು ಸಂಖ್ಯೆ, ಅದರ ಪ್ರತಿ ಕಾರ್ಡಿನ ಬೆನ್ನಿಗೂ ಅದೇ ಸಂಖ್ಯೆ. ಫೈಲಿನ ಹಿಂದೆ ಜಿಪ್ ಚೀಲ, ಚೀಲದ ಮೇಲೆ ಒಳಗಿನ ಕಾರ್ಡ್‌ಗಳ ಲೆಕ್ಕ, ಮುಗಿದ ಆಟ ಹೇಗೆ ಕಾಣಬೇಕೆಂಬ ಒಂದು ಫೋಟೊ. ರಜೆ ಹಾಕಿದ ಟೀಚರ್ ಬದಲಿಗೆ ಬಂದವರು ಆ ಫೋಟೊ ನೋಡಿಯೇ ಜೋಡಿಸಬಲ್ಲರು.

ದಾಖಲೆ ಹಾಳೆಯಲ್ಲಿ ಒಂದು ಗುರಿಗೆ ಒಂದು ಸಾಲು, ಸಾಲಿಗೆ ಹತ್ತು ಮನೆ. ಸರಿ-ತಪ್ಪು ಗುರುತಿಗಿಂತ ಎಷ್ಟು ಸಹಾಯ ಬೇಕಾಯಿತೆಂಬುದು ಮುಖ್ಯ: ಸ್ವಂತ ಮಾಡಿದ್ದಕ್ಕೆ ‘ಸ್ವ’, ಬೆರಳು ತೋರಿಸಿದ್ದಕ್ಕೆ ‘ಬೆ’, ಮಾತಿಗೆ ‘ಮಾ’, ಕೈ ಹಿಡಿದದ್ದಕ್ಕೆ ‘ಕೈ’. ‘ಮಾ’ ಹೆಚ್ಚುತ್ತಿದ್ದರೆ ಎಚ್ಚರವಾಗಬೇಕು. ನಾವು ತಿಳಿಯದೇ ಆಡುವ ‘ಹಾಕು, ಹಾಕು’ ಎಂಬ ಮಾತನ್ನು ಬಿಡಿಸುವುದು ಕೈಸಹಾಯ ಬಿಡಿಸುವುದಕ್ಕಿಂತ ಕಷ್ಟ. ಹತ್ತರಲ್ಲಿ ಎಂಟು ‘ಸ್ವ’, ಮೂರು ಬೇರೆ ದಿನ, ಅದರಲ್ಲಿ ಒಂದು ದಿನ ಬೇರೆಯವರ ಜೊತೆ ಬಂದರೆ ಆ ಫೈಲ್ ಸ್ವತಂತ್ರ ಕೆಲಸದ ಡಬ್ಬಿಗೆ ಹೋಗಲು ಅರ್ಹ. ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವಾಗ ಈ ಹಾಳೆಗಳೇ ಆಧಾರ.

ಶಾಲೆಗೆ ಬರಲಾಗದೆ ಗೃಹಾಧಾರಿತ ಶಿಕ್ಷಣದಲ್ಲಿರುವ ಮಕ್ಕಳ ಮನೆಗೆ ಹೋಗುವ ಬಿಐಇಆರ್‌ಟಿಗಳಿಗೆ (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಗೆ) ಇದೇ ಸಾಮಾನನ್ನು ಒಂದು ಬಟ್ಟೆ ಚೀಲದಲ್ಲಿ ಕಟ್ಟುತ್ತೇವೆ: ಎರಡು ಫೈಲ್, ಒಂದು ಹತ್ತರ ಚೌಕಟ್ಟು, ಮೊದಲು ಯಾವ ಕೆಲಸ, ಆಮೇಲೆ ಏನು ಎಂದು ಚಿತ್ರದಲ್ಲಿ ತೋರಿಸುವ ‘ಮೊದಲು–ಆಮೇಲೆ’ ಪಟ್ಟಿ, ದಾಖಲೆ ಹಾಳೆ, ಪೆನ್ನು. ಚಿತ್ರ ಇನ್ನೂ ಅರ್ಥವಾಗದ ಮಗುವಿಗೆ ಆ ಪಟ್ಟಿಯಲ್ಲಿ ಚಿತ್ರದ ಬದಲು ನಿಜವಾದ ವಸ್ತು, ಊಟಕ್ಕೆ ಚಮಚ, ಆಟಕ್ಕೆ ಚೆಂಡು. ಚೀಲದಲ್ಲಿ ಎರಡಕ್ಕಿಂತ ಹೆಚ್ಚು ಫೈಲ್ ಇಟ್ಟರೆ ತಾಯಿ ಯಾವುದನ್ನೂ ತೆರೆಯುವುದಿಲ್ಲ. ಎರಡೇ ಇದ್ದರೆ ಅಡುಗೆ ಇಳಿಸಿದ ಮೇಲೆ ಒಂದನ್ನಾದರೂ ಮಗುವಿನ ಮುಂದಿಡುತ್ತಾಳೆ.