ಶಾಮೊನಿಯಿಂದ ಜೆರ್ಮಾಟ್‌ಗೆ ಸ್ಕೀ ಮೇಲೆ: ಹೊರಡುವ ಮೊದಲು ಬೈಂಡಿಂಗ್ ನೋಡಿಕೊಳ್ಳಿ

ಶಾಮೊನಿಯಿಂದ ಜೆರ್ಮಾಟ್‌ಗೆ ಹಿಮನದಿಗಳ ಮೇಲೆ ಹೋಗುವ ಸ್ಕೀ ದಾರಿಗೆ ಓತ್ ರೂತ್ ಅಂತ ಹೆಸರು. ಫ್ರಾನ್ಸ್‌ನಲ್ಲಿ ಶುರುವಾಗಿ ಸ್ವಿಟ್ಜರ್ಲೆಂಡ್‌ನಲ್ಲಿ ಮುಗಿಯುತ್ತದೆ. ಕೊನೆಯ ದಿನ ಸ್ವಲ್ಪ ಹೊತ್ತು ಇಟಲಿಯ ನೆಲದ ಮೇಲೂ ಹಾಯುತ್ತದೆ. ಸಾಮಾನ್ಯವಾಗಿ ಆರೇಳು ದಿನ ಬೇಕು. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಜನ ಹೋಗುತ್ತಾರೆ. 1911ರಲ್ಲಿ ಮೊದಲ ಸಲ ಇದನ್ನು ಸ್ಕೀ ಮೇಲೆ ಪೂರ್ತಿ ದಾಟಿದ್ದು.

ಹೋಗಬೇಕು ಅನ್ನುವ ಗೆಳೆಯರು ನನ್ನನ್ನು ಕೇಳುವುದು ಗೈಡ್ ಬೇಕಾ, ಖರ್ಚೆಷ್ಟು, ಸಸ್ಯಾಹಾರ ಸಿಗುತ್ತಾ ಅಂತ. ಹಿಮದ ಬಿರುಕಿಗೆ ಬಿದ್ದವರನ್ನು ಹಗ್ಗ ಹಾಕಿ ಎತ್ತಲು ಬರದಿದ್ದರೆ ಗೈಡ್ ಬೇಕೇ ಬೇಕು. ಖರ್ಚು ಸ್ವಿಸ್ ಖರ್ಚೇ, ಅದರಲ್ಲಿ ಚೌಕಾಸಿ ಇಲ್ಲ. ರಾತ್ರಿ ತಂಗುವ ಬೆಟ್ಟದ ಮನೆ, ಅಂದರೆ ಹಟ್, ಬುಕ್ ಮಾಡುವಾಗಲೇ ಹೇಳಿದರೆ ಮಾಂಸವಿಲ್ಲದ ಊಟ ಕೊಡುತ್ತಾರೆ, ಚಟ್ನಿಪುಡಿ ಮಾತ್ರ ನೀವೇ ಒಯ್ಯಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಗ್ಗೆ ಮಾತ್ರ ಯಾರೂ ಕೇಳಲ್ಲ. ದಾರಿಯಲ್ಲಿ ಜನ ಬೈಯುತ್ತಾ ನಿಂತಿರುವುದು ಹೆಚ್ಚಾಗಿ ಅದರ ಮುಂದೆಯೇ.

ಈಗ ಈ ದಾರಿಯಲ್ಲಿ ಹೆಚ್ಚು ಕಾಣುವುದು ಪಿನ್ ಬೈಂಡಿಂಗ್. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ರೂಪಿಸಿದ ಸರಳ ಉಪಾಯ ಅದು. ಮುಂದಿನ ಭಾಗದಲ್ಲಿ, ಅಂದರೆ ಟೋ ಪೀಸ್‌ನಲ್ಲಿ, ಎರಡು ಪಿನ್ ಇರುತ್ತವೆ. ಅವು ಬೂಟಿನ ತುದಿಯ ಎರಡು ಪಕ್ಕದ ಉಕ್ಕಿನ ಗುಳಿಗಳನ್ನು ಚಿಮಟದ ಹಾಗೆ ಕಚ್ಚಿ ಹಿಡಿಯುತ್ತವೆ. ಹಿಂದಿನ ಹೀಲ್ ಪೀಸ್‌ನಲ್ಲೂ ಎರಡು ಪಿನ್. ಏರುವಾಗ ಹೀಲ್ ಪೀಸನ್ನು ತಿರುಗಿಸಿಬಿಟ್ಟರೆ ಹಿಮ್ಮಡಿ ಬಿಡುಗಡೆ, ಮುಂದಿನ ಪಿನ್ ಮೇಲೆ ಕಾಲು ಬಾಗಿಲಿನಂತೆ ಆಡುತ್ತದೆ. ಇಳಿಯುವಾಗ ಹಿಂದೆಯೂ ಸಿಕ್ಕಿಸಿಕೊಳ್ಳುವುದು. ತೂಕ ತೀರಾ ಕಡಿಮೆ, ಅದೇ ಇದರ ಲಾಭ. ಆದರೆ ಎಲ್ಲವೂ ನಾಲ್ಕು ಸಣ್ಣ ಪಿನ್ ಮತ್ತು ಕೆಲವು ಸ್ಪ್ರಿಂಗ್‌ಗಳ ಮೇಲೆ ನಿಂತಿದೆ. ಅಲ್ಲಿ ಕಡಲೆಕಾಳಿನಷ್ಟು ಐಸ್ ಕೂತರೂ ಸಾಕು, ಕೆಲಸ ಕೆಟ್ಟಿತು.

ಮನೆಯಲ್ಲೇ ಮುಗಿಸಬೇಕಾದ ಕೆಲಸ ಕೆಲವಿದೆ. ಹೊರಡುವ ಎರಡು ವಾರ ಮೊದಲೇ ಮಾಡಿ, ಹಿಂದಿನ ರಾತ್ರಿ ಅಲ್ಲ. ಟೋ ಪೀಸನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿ. ಸ್ಕೀಗೂ ಅದಕ್ಕೂ ನಡುವೆ ಒಂದು ಕೂದಲಿನಷ್ಟು ಆಟ ಕಂಡರೂ ಸ್ಕ್ರೂ ಸಡಿಲವಾಗಿದೆ ಅಂತಲೇ ಅರ್ಥ. ಬಿಗಿ ಮಾಡುವಾಗ ಸಾದಾ ನಕ್ಷತ್ರ ಸ್ಕ್ರೂಡ್ರೈವರ್ ಹಾಕಬೇಡಿ. ಸ್ಕೀ ಸ್ಕ್ರೂಗಳ ತಲೆ ಹೆಚ್ಚಾಗಿ ಪೋಝಿಡ್ರೈವ್ 3ನೇ ನಂಬರ್. ನೋಡಲು ಒಂದೇ ತರ ಇದ್ದರೂ ಸಾದಾ ಬಿಟ್ ಜಾರಿ ತಲೆಯನ್ನೇ ತಿಂದು ಹಾಕುತ್ತದೆ. ಬಿಗಿ ಮಾಡಿದಷ್ಟೂ ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ರಂಧ್ರ ಹಾಳಾಗಿದೆ. ಅದು ಅಂಗಡಿಯ ಕೆಲಸ.

ಆಮೇಲೆ ಹಿಂದಿನ ಅಂತರ. ಬೂಟನ್ನು ಇಳಿಯುವ ಸ್ಥಿತಿಯಲ್ಲಿ ಸಿಕ್ಕಿಸಿ, ಬೂಟಿನ ಹಿಮ್ಮಡಿಗೂ ಹೀಲ್ ಪೀಸ್‌ಗೂ ನಡುವೆ ಎಷ್ಟು ಜಾಗ ಇದೆ ಅಳೆಯಿರಿ. ಕೆಲವು ಮಾಡೆಲ್‌ಗೆ 4 ಮಿ.ಮೀ., ಕೆಲವಕ್ಕೆ 5.5 ಮಿ.ಮೀ. ಬೇಕು. ಇನ್ನು ಕೆಲವಕ್ಕೆ ಅಂತರವೇ ಇರಬಾರದು. ನಿಮ್ಮ ಮಾಡೆಲ್‌ನ ಪುಸ್ತಿಕೆ ಏನು ಹೇಳುತ್ತದೋ ಅದೇ ಸರಿ. ತಗ್ಗಿನಲ್ಲಿ ಸ್ಕೀ ಬಾಗಿದಾಗ ಬೂಟು ಮತ್ತು ಹೀಲ್ ಪೀಸ್ ಹತ್ತಿರ ಬರುತ್ತವೆ, ಆ ಜಾಗ ಅದಕ್ಕೇ ಇಟ್ಟಿರುವುದು. ಜಾಗ ಕಡಿಮೆಯಾದರೆ ಬೂಟು ಒತ್ತಿಕೊಂಡು ಬಿಡುಗಡೆಯ, ಅಂದರೆ ಬಿದ್ದಾಗ ಸ್ಕೀ ತಾನೇ ಕಳಚಿಕೊಳ್ಳುವ, ಲೆಕ್ಕ ತಪ್ಪುತ್ತದೆ. ಜಾಸ್ತಿಯಾದರೆ ಪಿನ್ ಅರ್ಧಂಬರ್ಧ ಹಿಡಿದು ಹಿಮ್ಮಡಿ ಕಳಚಿಕೊಳ್ಳುತ್ತದೆ. ಬೂಟು ಬದಲಿಸಿದರೆ, ಅದೇ ಸೈಜ್ ಆಗಿದ್ದರೂ, ಮತ್ತೆ ಅಳೆಯಬೇಕು. ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೂಟಿನ ಅಟ್ಟೆಯ ಉದ್ದ ಬೇರೆ. ಶಾಮೊನಿಯಲ್ಲಿ ಸ್ಕೀ ಬಾಡಿಗೆಗೆ ತೆಗೆದುಕೊಳ್ಳುವವರು ಇದನ್ನು ಕೌಂಟರ್ ಮುಂದೆಯೇ ನಿಂತು ನೋಡಿ. ನಾಚಿಕೆ ಬೇಡ. ಬಿಡುಗಡೆಯ ಅಂಕಿ ಇಡಲು ಅವರು ತೂಕ, ಎತ್ತರ, ವಯಸ್ಸು, ಸ್ಕೀಯಿಂಗ್ ಮಟ್ಟ ಕೇಳುತ್ತಾರೆ, ನಿಜವನ್ನೇ ಹೇಳಿ. ತೂಕ ಕಡಿಮೆ ಹೇಳಿದರೆ ಮೊಣಕಾಲು ಉಳಿಯಬಹುದು, ಆದರೆ ತಿರುವು ತಿರುವಿಗೂ ಸ್ಕೀ ಕಳಚುತ್ತದೆ.

ಹೀಲ್ ಪೀಸ್ ಒಳಗೆ ಗ್ರೀಸ್ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಅದು ತೊಳೆದುಹೋಗುತ್ತದೆ. ಪ್ರೆಷರ್ ನೀರು ಹೊಡೆಯುವುದೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು.

ಇನ್ನು ದಾರಿಯ ಮಾತು. ಹಿಂದೆಲ್ಲ ಶಾಮೊನಿ ಕಣಿವೆಯ ಗ್ರಾಂ ಮೊಂತೆಯ ತುದಿವರೆಗೆ ಕೇಬಲ್ ಕಾರಿನಲ್ಲಿ ಹೋಗಿ ಶುರು ಮಾಡುವುದು ರೂಢಿಯಾಗಿತ್ತು. 2018ರ ಸೆಪ್ಟೆಂಬರ್‌ನಲ್ಲಿ ನಡುವಿನ ಲೋನ್ಯಾಂ ನಿಲ್ದಾಣಕ್ಕೆ ಬೆಂಕಿ ಬಿದ್ದು ಅದು ನಿಂತುಹೋಯಿತು. ನೀವು ಹೋಗುವ ವರ್ಷ ಯಾವ ಲಿಫ್ಟ್ ನಡೆಯುತ್ತಿದೆ ಅಂತ ನೋಡಿಕೊಂಡೇ ಮೊದಲ ದಿನದ ಲೆಕ್ಕ ಹಾಕಿ. ಅರ್ಜೆಂತಿಯೇರ್ ಹಿಮನದಿ ದಾಟಿ 3,323 ಮೀಟರ್ ಎತ್ತರದ ಕೋಲ್ ದ್ಯು ಶಾರ್ಡೊನೆ ಪಾಸ್, ಅಂದರೆ ಬೆಟ್ಟಗಳ ನಡುವಿನ ದಾಟುದಾರಿ, ಏರುತ್ತೀರಿ. ಅದರ ಆಚೆ ಬದಿ ಕಡಿದು. ಹೆಚ್ಚಿನವರು ಸ್ಕೀ ಕಳಚಿ ಹಗ್ಗ ಹಿಡಿದೇ ಇಳಿಯುತ್ತಾರೆ. ಕೆಳಗೆ ಬಂದು ಮತ್ತೆ ಸ್ಕೀ ಹಾಕಬೇಕು. ನಿಜವಾದ ಫಜೀತಿ ಶುರುವಾಗುವುದು ಅಲ್ಲಿ.

ಹಿಮದಲ್ಲಿ ನಡೆದ ಬೂಟಿನ ಗುಳಿಗಳಲ್ಲಿ ಹಿಮ ಒತ್ತಿ ಕೂತಿರುತ್ತದೆ. ಟೋ ಪೀಸ್‌ನಲ್ಲಿ ಪಿನ್ ಕೂತಿರುವ ಎರಡು ರೆಕ್ಕೆಗಳ ಕೆಳಗೂ, ಸ್ಪ್ರಿಂಗ್ ಇರುವ ಕಡೆ, ಐಸ್ ಗಟ್ಟಿಯಾಗಿರುತ್ತದೆ. ಕಾಲಿಟ್ಟರೆ ಟಪ್ ಅಂತ ಸದ್ದು ಬರುತ್ತದೆ, ಹಿಡಿದ ಹಾಗೇ ಕಾಣುತ್ತದೆ. ಆದರೆ ರೆಕ್ಕೆ ಪೂರ್ತಿ ಮುಚ್ಚಿರುವುದಿಲ್ಲ. ಎರಡನೇ ತಿರುವಿನಲ್ಲಿ ಕಾಲು ಹೊರಗೆ ಬರುತ್ತದೆ. ಅದಕ್ಕೇ ಪ್ರತಿ ಸಲ ಹೀಗೆ ಮಾಡಿ: ಮೊದಲು ಬೂಟಿನ ಗುಳಿಯನ್ನು ಕೋಲಿನ ಮೊನೆಯಿಂದಲೋ ಸಣ್ಣ ಚಾಕುವಿನಿಂದಲೋ ಕೆರೆದು ತೆಗೆಯಿರಿ. ಟೋ ಪೀಸ್ ತೆರೆದು ರೆಕ್ಕೆಯ ಕೆಳಗೆ ಮೊನೆ ಹಾಕಿ ಐಸ್ ಎಬ್ಬಿಸಿ. ಮುಂದಿನ ಪಿನ್ ಸಿಕ್ಕಿಸಿಕೊಂಡು, ಹಿಮ್ಮಡಿ ಒತ್ತುವ ಮೊದಲು, ಕಾಲನ್ನು ಹಿಂದೆ ಮುಂದೆ ಹತ್ತಾರು ಸಲ ಆಡಿಸಿ. ಗುಳಿಯಲ್ಲಿ ಉಳಿದ ಐಸನ್ನು ಪಿನ್ನೇ ಅರೆದು ಹಾಕುತ್ತದೆ. ಆಮೇಲೆ ಟೋ ಪೀಸ್ ಲಾಕ್ ಮಾಡುವ ಮುಂದಿನ ಲಿವರ್ ಎಳೆದು ನೋಡಿ. ಯಾವಾಗಿನಷ್ಟು ಮೇಲೆ ಬರದಿದ್ದರೆ ಕೆಳಗೆ ಇನ್ನೂ ಐಸ್ ಇದೆ. ಮತ್ತೆ ಕಳಚಿ, ಮತ್ತೆ ಕೆರೆಯಿರಿ. ಬಾಯಿಂದ ಊದಬೇಡಿ. ಉಸಿರಿನ ತೇವ ಕೂತು ಹೆಪ್ಪುಗಟ್ಟುತ್ತದೆ. ಫ್ಲಾಸ್ಕಿನ ಬಿಸಿ ಚಹಾ ಸುರಿಯುವ ಜನರೂ ಇದ್ದಾರೆ. ಐದು ನಿಮಿಷ ಆರಾಮ, ಆಮೇಲೆ ಇನ್ನಷ್ಟು ಐಸ್. ಚಹಾ ಕುಡಿಯಲಿಕ್ಕೇ ಇರಲಿ.

ಲಿವರ್ ಬಗ್ಗೆ ಇನ್ನೊಂದು ಮಾತು. ಏರುವಾಗ ಅದು ಮೇಲೆ, ಲಾಕ್ ಆಗಿರಬೇಕು. ಇಳಿಯುವ ಮೊದಲು ಬಿಡಿಸಬೇಕು. ಲಾಕ್ ಆಗಿದ್ದರೆ ಬಿದ್ದಾಗ ಸ್ಕೀ ಕಳಚುವುದಿಲ್ಲ, ಕಾಲು ಮುರಿಯಬಹುದು. ಹಿಮಕುಸಿತದಲ್ಲಿ ಸ್ಕೀ ಲಂಗರಿನಂತೆ ಒಳಗೆ ಎಳೆಯುತ್ತದೆ. ಜಾರಿದರೆ ಉಳಿಗಾಲವಿಲ್ಲದ ಕಡಿದಾದ ಜಾಗದಲ್ಲಿ ಅನುಭವಿಗಳು ಬೇಕೆಂದೇ ಲಾಕ್ ಮಾಡಿಕೊಂಡು ಇಳಿಯುತ್ತಾರೆ. ಅದು ಅವರ ಲೆಕ್ಕ. ನೀವು ಅಭ್ಯಾಸ ಮಾಡಿಕೊಳ್ಳಬೇಡಿ.

ಬೆಳಿಗ್ಗೆ ಗಟ್ಟಿ ಹಿಮದ ಮೇಲೆ ಏರಲು ಸ್ಕೀ ಕ್ರ್ಯಾಂಪನ್, ಅಂದರೆ ಬೂಟಿನ ಕೆಳಗೆ ಸಿಕ್ಕಿಸುವ ಹಲ್ಲಿನ ಪಟ್ಟಿ, ಬೇಕು. ದಿಸ್ ಹಟ್‌ನಿಂದ 3,790 ಮೀಟರ್‌ನ ಪಿಞ್ ದಾರೊಲಾ ಶಿಖರದ ಕಡೆ ಹೋಗುವ ಸೆರ್ಪಂತೀನ್ ಇಳಿಜಾರಿನಲ್ಲಿ ಇದು ಇಲ್ಲದೆ ಒದ್ದಾಡುತ್ತೀರಿ. ಬೈಂಡಿಂಗ್‌ನ ಸೀಳಿಗೂ ಸ್ಕೀಯ ಅಗಲಕ್ಕೂ ಎರಡಕ್ಕೂ ಹೊಂದಬೇಕು, ಮನೆಯಲ್ಲೇ ಹಾಕಿ ನೋಡಿ. ಏರುವಾಗ ಹಿಮ್ಮಡಿಗೆ ಆಸರೆ ಕೊಡುವ ಹೀಲ್ ಪೀಸ್‌ನ ಎತ್ತರದ ಮೆಟ್ಟಿಲನ್ನು ಪೂರ್ತಿ ಎತ್ತಿಟ್ಟು ನಡೆದರೆ ಪಾದದ ಜೊತೆ ಆಡುವ ಕ್ರ್ಯಾಂಪನ್‌ನ ಹಲ್ಲು ಹಿಮಕ್ಕೆ ಇಳಿಯುವುದೇ ಇಲ್ಲ. ಕಾಲಿಗೆ ಕಷ್ಟವಾದರೂ ಮೆಟ್ಟಿಲು ತಗ್ಗಿಸಿ.

ದಿಸ್ ಹಟ್ ತಲುಪಿದ ಸಂಜೆ ನಮ್ಮ ತಂಡದ ಒಬ್ಬ ಗೆಳತಿಯ ಎಡ ಸ್ಕೀಯ ಟೋ ಪೀಸ್ ಅಲುಗಾಡುತ್ತಿತ್ತು. ಬಾಡಿಗೆಯ ಸ್ಕೀ ಅದು. ಎರಡು ಸ್ಕ್ರೂ ಸುಮ್ನೆ ಸುತ್ತುತ್ತಿದ್ದವು. ಹಟ್ ನೋಡಿಕೊಳ್ಳುವವರನ್ನು ಕೇಳಿ ಸ್ಕೀಯನ್ನು ಬೂಟು ಒಣಗಿಸುವ ಕೋಣೆಗೆ ತಂದೆವು. ಸ್ಕ್ರೂ ಬಿಚ್ಚಿ, ರಂಧ್ರ ಒಣಗಿಸಿ, ಉಕ್ಕಿನ ನಾರಿನ ಸಣ್ಣ ಉಂಡೆಯನ್ನು ಎಪಾಕ್ಸಿಯಲ್ಲಿ ಅದ್ದಿ ತುಂಬಿ, ಸ್ಕ್ರೂ ಮತ್ತೆ ಹಾಕಿದೆವು. ರಾತ್ರಿಯಿಡೀ ಬೆಚ್ಚಗೆ ಇದ್ದದ್ದಕ್ಕೆ ಅಂಟು ಗಟ್ಟಿಯಾಯಿತು. ಹೊರಗಿನ ಚಳಿಯಲ್ಲಿ ಆಗುತ್ತಿರಲಿಲ್ಲ. ಬೆಳಿಗ್ಗೆ ಹಟ್ ಮುಂದೆ ಓಡಾಡಿ ನೋಡಿದಾಗ ಹಿಡಿದಿತ್ತು. ಆದರೂ ಪಿಞ್ ದಾರೊಲಾ ಬಿಟ್ಟು, ಪಾ ದ ಶೆವ್ರ್‌ನ ಕಬ್ಬಿಣದ ಏಣಿ ದಾಟಿ ಅರೊಲಾ ಹಳ್ಳಿಗೆ ಇಳಿದೆವು. ಹೀಲ್ ಪೀಸ್ ಆಗಿದ್ದರೆ ಮುಂದಕ್ಕೇ ಹೋಗುತ್ತಿದ್ದೆವೇನೋ. ಟೋ ಪೀಸ್ ಕಿತ್ತುಬಂದರೆ ಏರಲೂ ಆಗುವುದಿಲ್ಲ, ಇಳಿಯಲೂ ಆಗುವುದಿಲ್ಲ. ಅರೊಲಾದಲ್ಲಿ ಬೇರೆ ಸ್ಕೀ ಸಿಕ್ಕಿತು, ಅಲ್ಲಿಂದ ಹತ್ತಿ ವಿಞೆತ್ ಹಟ್ ಸೇರಿದೆವು. ಹವಾಮಾನ ಕೆಟ್ಟರೂ ಇದೇ ದಾರಿ ಉಪಯೋಗಕ್ಕೆ ಬರುತ್ತದೆ. ಅರೊಲಾದಿಂದ ಲೆ ಓದೇರ್ ಮೂಲಕ ಸಿಯೋಂ ಪಟ್ಟಣಕ್ಕೆ ಬಸ್ ಇದೆ.

ಆದ್ದರಿಂದ ತಂಡಕ್ಕೆ ಒಂದರಂತೆ ಚೀಲ ಕಟ್ಟಿ. ಪೋಝಿ 3 ಬಿಟ್, ಹೀಲ್ ಪೀಸ್‌ಗೆ ಬೇಕಾದ ಟಾರ್ಕ್ಸ್ ಬಿಟ್, ನಾಲ್ಕಾರು ಸ್ಕ್ರೂ, ಬೇಗ ಗಟ್ಟಿಯಾಗುವ ಎಪಾಕ್ಸಿ, ಉಕ್ಕಿನ ನಾರು, ತಂತಿ, ಇಕ್ಕಳ. ರಬ್ಬರ್ ಪಟ್ಟಿ ಎರಡು ಮೂರು ಜಾಸ್ತಿಯೇ ಇರಲಿ. ಹೀಲ್ ಪೀಸ್ ತಾನಾಗಿಯೇ ತಿರುಗುತ್ತಿದ್ದರೆ ಅದನ್ನು ಕಟ್ಟಬಹುದು, ಬ್ರೇಕ್ ಕೆಳಗೆ ಬೀಳುತ್ತಿದ್ದರೂ ಕಟ್ಟಬಹುದು. ಬೂಟನ್ನೇ ಸ್ಕೀಗೆ ಕಟ್ಟುವುದು ಮಾತ್ರ ಕೊನೆಯ ಉಪಾಯ. ಹಾಗೆ ಕಟ್ಟಿದ ಮೇಲೆ ಸ್ಕೀ ಕಳಚುವುದಿಲ್ಲ, ನಿಧಾನ ಅಡ್ಡಜಾರಿಕೊಂಡೇ ಇಳಿಯಿರಿ.

ಕೊನೆಯ ದಿನ ಉದ್ದ. ವಿಞೆತ್‌ನಿಂದ ಎವೆಕ್, ಮೋಂ ಬ್ರ್ಯೂಲೆ, ವಾಲ್ಪೆಲಿನ್ ಅಂತ ಮೂರು ಪಾಸ್. ಹತ್ತಿ, ಏರುವಾಗ ಜಾರದಂತೆ ಸ್ಕೀ ಕೆಳಗೆ ಅಂಟಿಸಿದ ಪಟ್ಟಿ, ಅಂದರೆ ಸ್ಕಿನ್, ತೆಗೆದು, ಇಳಿದು, ಮತ್ತೆ ಸ್ಕಿನ್ ಅಂಟಿಸಿ... ಇದೇ ದಿನವಿಡೀ. ಮೋಂ ಬ್ರ್ಯೂಲೆಯ ಕೊನೆಯ ಏರು ಕಡಿದಾಗಿರುವುದರಿಂದ ಹೆಚ್ಚಾಗಿ ಸ್ಕೀಯನ್ನು ಬೆನ್ನಿಗೆ ಕಟ್ಟಿ ನಡೆದೇ ಹತ್ತುತ್ತಾರೆ, ಅಂದರೆ ಗುಳಿಗಳಲ್ಲಿ ಮತ್ತೆ ಹಿಮ. ಮೇಲೆ ಗಾಳಿ, ಹಿಂದೆ ಕಾಯುವ ಜನ, ಆತುರ. ಅಲ್ಲಿಯೇ ಎಲ್ಲರೂ ಕೆರೆಯುವುದನ್ನು ಬಿಡುತ್ತಾರೆ. ಪಾಸ್‌ನ ನೆತ್ತಿಯ ಮೇಲೆ ನಿಲ್ಲದೆ ಆಚೆ ಬದಿಯ ಸಮತಟ್ಟು ಜಾಗಕ್ಕೆ ಹೋಗಿ ನಿಧಾನವಾಗಿ ಹಾಕಿಕೊಳ್ಳಿ. 3,568 ಮೀಟರ್‌ನ ವಾಲ್ಪೆಲಿನ್ ಆದ ಮೇಲೆ ಮ್ಯಾಟರ್‌ಹಾರ್ನ್ ಬುಡದಲ್ಲಿ ಇಳಿಯುವುದೊಂದೇ ಕೆಲಸ.

ಇಲ್ಲಿಗೆ ಬರುವ ಮೊದಲು ಗುಲ್ಮರ್ಗ್‌ನಲ್ಲೋ ಔಲಿಯಲ್ಲೋ ಒಂದಿಷ್ಟು ಕಲಿತಿರಿ. ಕೈಗವಸು ಹಾಕಿಕೊಂಡೇ ಬೈಂಡಿಂಗ್ ತೆರೆದು ಮುಚ್ಚುವ ಅಭ್ಯಾಸವನ್ನಂತೂ ಅಲ್ಲೇ ಮುಗಿಸಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಒಂದೇ ಶೆಂಗೆನ್ ವೀಸಾ ಮೂರೂ ದೇಶಕ್ಕೆ ಸಾಕು, ಆದರೆ ಪಾಸ್‌ಪೋರ್ಟ್ ಬೆನ್ನಚೀಲದಲ್ಲೇ ಇರಲಿ. ಚಾಕು, ಇಕ್ಕಳ ವಿಮಾನದ ಕೈಚೀಲದಲ್ಲಿ ಹಾಕಬೇಡಿ. ದಾರಿಯ ಸ್ವಿಸ್ ಭಾಗವಿರುವ ವಲೇ ಪ್ರಾಂತ್ಯದಲ್ಲಿ ಅಪಘಾತವಾದರೆ ಕರೆಯಬೇಕಾದ ನಂಬರ್ 144. ಜೆರ್ಮಾಟ್‌ಗೆ ಕಾರು ಬರುವುದಿಲ್ಲ. ಶಾಮೊನಿಗೆ ವಾಪಸ್ ಹೋಗಲು ವಿಸ್ಪ್‌ವರೆಗೆ ರೈಲು, ಅಲ್ಲಿಂದ ಮಾರ್ತಿನಿ, ಆಮೇಲೆ ಪುಟ್ಟ ರೈಲಿನಲ್ಲಿ ಶಾಮೊನಿ. ಬಾಡಿಗೆ ಸ್ಕೀ ವಾಪಸ್ ಕೊಡಬೇಕಿದ್ದರೆ ಅರ್ಧ ದಿನಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳಿ.