ಹೆಸರು ಹೇಳಿ ಒಗೆ

ನಮ್ಮ ವಿಜ್ಞಾನದ ಮಾಸ್ತರರು ತೀರಿಕೊಂಡ ಸುದ್ದಿ ಕಳೆದ ಶ್ರಾವಣದಲ್ಲಿ ಬಂದಾಗ, ಅವರು ಕಲಿಸಿದ ಪಾಠಗಳಲ್ಲಿ ಒಂದಾದರೂ ನೆನಪಾಗಲಿ ಎಂದು ಬಹಳ ಹೊತ್ತು ಕುಳಿತೆ. ಆಗಲಿಲ್ಲ. ನೆನಪಾದದ್ದು ಶನಿವಾರದ ಶ್ರಮದಾನ.

ಆಗ ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು. ನಮ್ಮ ಶಾಲೆ ಇದ್ದದ್ದು ಆಲಮಟ್ಟಿಯ ಹಿನ್ನೀರು ಬರುವ ಮೊದಲಿನ ಹಳೆಯ ಊರಿನಲ್ಲಿ. 1976ರಲ್ಲಿ ನಾನು ಎಂಟನೆಯ ಇಯತ್ತೆ. ಎರಡು ಮಳೆ ಬಿದ್ದರೆ ಸಾಕು, ಎರೆಮಣ್ಣಿನ ಬಯಲೆಲ್ಲ ಮೊಣಕಾಲುದ್ದ ಕಸ. ಉಳಿದ ಮಾಸ್ತರರು ಎಷ್ಟು ಬುಟ್ಟಿ ತುಂಬಿತೆಂದು ಕೇಳುತ್ತಿದ್ದರೆ, ಇವರು ತಿಪ್ಪೆಯ ಬಳಿ ನಿಂತು ನಮ್ಮನ್ನು ತಡೆಯುತ್ತಿದ್ದರು: "ಹೆಸರ ಹೇಳಿ ಒಗಿ ತಮ್ಮಾ. ಹೆಸರ ಗೊತ್ತಿಲ್ಲದ್ದನ್ನ ಕಸಾ ಅನ್ನಾಕ ನೀ ಯಾರು?"

ಹೀಗೆ ಚಡ್ಡಿಗೆ ಅಂಟಿ ಮನೆಯವರೆಗೂ ಬರುವುದು ಉತ್ತರಾಣಿಯೆಂದೂ, ಬಿಳಿಯ ಹೂವನ್ನು ಮೆಲ್ಲಗೆ ಎಳೆದು ಬುಡ ಚೀಪಿದರೆ ಸಿಹಿಯಾಗುವುದು ತುಂಬೆಯೆಂದೂ, ಇದ್ದಿಲಿನೊಡನೆ ತಿಕ್ಕಿದರೆ ಹಲಗೆ ಕಪ್ಪಾಗುವುದು ಗರಗದಿಂದೆಂದೂ ತಿಳಿಯಿತು. ಗೋಳಿ ಪಲ್ಲೆ ತಿಪ್ಪೆಗೆ ಹೋಗದೆ ನಮ್ಮ ಪಾಟಿಚೀಲಗಳಲ್ಲಿ ಮನೆಗೆ ಹೋಗುತ್ತಿತ್ತು. ವಿಷ್ಣುಕ್ರಾಂತಿಯ ನೀಲಿ ಹೂವನ್ನು ತೋರಿಸಲು ಅವರು ಧೋತರ ಮಣ್ಣಾಗುವುದನ್ನೂ ಲೆಕ್ಕಿಸದೆ ಮೊಣಕಾಲೂರಿ ಕುಳಿತದ್ದುಂಟು. ಕಾಂಗ್ರೆಸ್ ಕಸಕ್ಕೆ ಮಾತ್ರ ಅವರಲ್ಲಿ ಕ್ಷಮೆಯಿರಲಿಲ್ಲ.

ನನ್ನ ಪಾಲಿನ ಗಿಡವೆಂದರೆ ಬಾವಿಕಟ್ಟೆಯ ಹಸಿಯಲ್ಲಿ ಬೆಳೆಯುತ್ತಿದ್ದ, ತಿಳಿನೇರಳೆ ಹೂವಿನ ಪಟಾಕಿ ಕಾಯಿಯದು. ಒಣಗಿದ ಕಾಯಿಗೆ ನೀರು ತಾಗಿದರೆ ಕೆಲವೇ ಕ್ಷಣಗಳಲ್ಲಿ ಸಿಡಿದು ಬೀಜ ಹಾರುತ್ತದೆ. ತಪಾಸಣೆಗೆ ಸಾಹೇಬರು ಬಂದ ದಿನ, ಹಲಗೆ ಒರೆಸುವ ಒದ್ದೆ ಬಟ್ಟೆಯಲ್ಲಿ ಮುಷ್ಟಿ ಕಾಯಿಗಳನ್ನು ಮಡಚಿಟ್ಟೆ. ನನ್ನ ಲೆಕ್ಕ ತಪ್ಪಿತು. ಸಾಹೇಬರು ಬರುವ ಮೊದಲೇ ಅರ್ಧ ಸಿಡಿದವು, ಉಳಿದರ್ಧ ಅವರು ಬಟ್ಟೆ ಕೊಡವಿದಾಗ ಅವರ ಕೋಟಿನ ಮೇಲೆ ಸಿಡಿದವು. ಮುಖ್ಯಗುರುಗಳು ಬೆತ್ತ ತರಿಸಿದರು. ಮಾಸ್ತರರು ಅಡ್ಡ ಬಂದು ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು, ಇಪ್ಪತ್ತು ಕಾಯಿ ಬಿಡಿಸಿ ಬೀಜ ಎಣಿಸಲು ಹಚ್ಚಿದರು. ಒಂದೊಂದರಲ್ಲಿಯೂ ಚಪ್ಪಟೆ ಬೀಜಗಳು ಸಾಲಾಗಿದ್ದವು. ಬೆವರಿದ ಬೆರಳು ತಾಗಿದ ಬೀಜದ ಅಂಚಿಗೆ ಬಿಳಿಯ ಲೋಳೆ ಮೂಡಿ ಅದು ಬೆರಳಿಗೇ ಹತ್ತಿಕೊಂಡಿತು. "ನೆಲಾ ಹಿಡಿಯೂ ಉಪಾಯ ನೋಡದು" ಎಂದರು. ಏಟಿಗಿಂತ ಅದೇ ಹೆಚ್ಚು ನಾಟಿತು.

ಆ ಎಣಿಕೆಯೇ ನನ್ನನ್ನು ಧಾರವಾಡದ ಕೃಷಿ ಕಾಲೇಜಿಗೆ, ಅಲ್ಲಿಂದ ಕೃಷಿ ಇಲಾಖೆಗೆ ತಲುಪಿಸಿತು ಎಂದರೆ ಅತಿಶಯವಾಗಲಾರದು. ಮೂವತ್ತು ವರ್ಷಗಳ ಕಾಲ ರೈತರಿಗೆ ಕಳೆನಾಶಕದ ಪ್ರಮಾಣ ಹೇಳಿಕೊಟ್ಟವನೂ ನಾನೇ. ಒಳ್ಳೆಯ ಅಧಿಕಾರಿಯೆಂಬ ಹೆಸರೂ ಇತ್ತು. ನಿವೃತ್ತನಾದ ಮೇಲೆ ಅವರನ್ನು ಕಂಡಾಗ, ನಾವು ಮುದ್ದು ಮಾಡಿದ ಪಟಾಕಿ ಕಾಯಿಯೂ ಕಾಂಗ್ರೆಸ್ ಕಸದಂತೆ ಅಮೆರಿಕ ಖಂಡದ್ದೇ ಎಂದು ನನ್ನ ಪಾಂಡಿತ್ಯ ತೋರಿಸಿದೆ. "ಮೆಣಸಿನಕಾಯಿನೂ ಅಲ್ಲಿಂದನ ಬಂದೈತಿ. ಊಟ ಬಿಡತೀಯೇನು?" ಎಂದು ನಕ್ಕರು.

ಇಂದು ನಮ್ಮ ಶಾಲೆಯ ಹೊಸ ಅಂಗಳಕ್ಕೆಲ್ಲ ಸಿಮೆಂಟಿನ ಇಟ್ಟಿಗೆ ಹಾಸಿದ್ದಾರೆ. ಮಕ್ಕಳ ಕಾಲು ಕೆಸರಾಗುವುದಿಲ್ಲ, ನಿಜ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಗಿಡದ ಭಾಗಗಳಿವೆ. ಬೇರು ಕಾಂಡ ಎಲ್ಲವೂ ಸರಿಯಾಗಿಯೇ ಇವೆ, ಯಾವ ಗಿಡವೆಂದು ಮಾತ್ರ ಬರೆದಿಲ್ಲ.

ದಸರೆಯ ನಂತರ ನವನಗರದ ಅವರ ಮನೆಗೆ ಹೋಗಿದ್ದೆ. "ಅಪ್ಪಾರು ಒಂದ್ ಕಡ್ಡಿ ಕೀಳಾಕ ಬಿಡತಿರಲಿಲ್ರಿ, ಅಂಗಳ ಹಿಂಗಾಗೈತಿ" ಎಂದು ಮಗಳು ಸಂಕೋಚಪಟ್ಟರು. ನಳದ ಬಚ್ಚಲಿನ ಪಕ್ಕದಲ್ಲಿ ಕಂದು ಕಾಯಿಗಳು ಬಲಿತು ನಿಂತಿದ್ದವು. ಅವರು ಚಹಾ ತರಲು ಒಳಗೆ ಹೋದಾಗ ಒಂದನ್ನು ಅಂಗೈಯಲ್ಲಿಟ್ಟು, ನಳದಿಂದ ಒಂದು ಹನಿ ಬಿಟ್ಟು, ಮುಖ ಹತ್ತಿರ ತಂದು ಕಾದೆ. ಸಿಡಿಯಿತು. ಹಸಿಯಾದ ಬೀಜವೊಂದು ಕನ್ನಡಕದ ಗಾಜಿಗೆ ಹತ್ತಿಕೊಂಡಿತು. ಚಹಾ ಮುಗಿಯುವವರೆಗೂ ಅದನ್ನು ಒರೆಸಲಿಲ್ಲ.