ಚೀಲಕ್ಕೆ ಇನ್ನೆಷ್ಟು ಅಡಿಕೆ ಹಿಡಿಯುತ್ತೆ?

ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಣಗಿದ ಅಡಿಕೆಯನ್ನು ಗೋಣಿಚೀಲದ ಬಾಯಿಮಟ್ಟ ಸುರಿಯುತ್ತೀರಿ. ತುಂಬಿತು ಅನ್ನಿಸುತ್ತದೆ. ಆಮೇಲೆ ಇಬ್ಬರು ಎರಡು ಕಡೆ ಹಿಡಿದು, ಸ್ವಲ್ಪ ಎತ್ತಿ, ನೆಲಕ್ಕೆ ಕುಕ್ಕುತ್ತಾರೆ. ನಾಲ್ಕು ಬೆರಳು ಇಳಿಯುತ್ತದೆ. ಇನ್ನೊಂದಿಷ್ಟು ಸುರಿದು ಮತ್ತೆ ಕುಕ್ಕಿದರೆ ಎರಡು ಬೆರಳು. ಮೂರನೇ ಸಲಕ್ಕೆ ಇಳಿದದ್ದು ಕಣ್ಣಿಗೇ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಯಾರೋ ದಬ್ಬಣ ತಂದು ಬಾಯಿ ಹೊಲಿಯಲು ಶುರು ಮಾಡಿರುತ್ತಾರೆ. ಶಿವಮೊಗ್ಗದ ಮಂಡಿಗೆ ಹೋಗುವ ಗಾಡಿ ಕಾಯುತ್ತಿರುತ್ತದಲ್ಲ.

ತೋಟದ ಮನೆಯಲ್ಲಿ ಹುಟ್ಟಿ ಭೌತಶಾಸ್ತ್ರ ಓದಿದವನಿಗೆ ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಯಾಕೆ ನಿಂತಿತು? ಒಳಗೆ ಜಾಗ ಇನ್ನೂ ಧಾರಾಳವಾಗಿ ಇದೆ. ಒಂದೇ ಅಳತೆಯ ದುಂಡು ಗುಂಡುಗಳನ್ನು ಸಾಲಾಗಿ ಒಪ್ಪವಾಗಿ ಜೋಡಿಸಿದರೆ ಡಬ್ಬಿಯ ಶೇ. 74ರಷ್ಟು ಜಾಗ ತುಂಬುತ್ತದೆ. ಅದಕ್ಕಿಂತ ಜಾಸ್ತಿ ಆಗುವುದೇ ಇಲ್ಲ ಅಂತ ಕೆಪ್ಲರ್ 1611ರಲ್ಲಿ ಊಹಿಸಿದ, 1998ರಲ್ಲಿ ಥಾಮಸ್ ಹೇಲ್ಸ್ ಸಾಧಿಸಿದರು. ಆದರೆ ಸುಮ್ನೆ ಸುರಿದರೆ? 1960ರಲ್ಲಿ ಜಿ. ಡಿ. ಸ್ಕಾಟ್ ಉಕ್ಕಿನ ಗುಂಡುಗಳನ್ನು ಪಾತ್ರೆಗೆ ಸುರಿದು ನೋಡಿದಾಗ ಸಿಕ್ಕಿದ್ದು ಸುಮಾರು ಶೇ. 60. ಚೆನ್ನಾಗಿ ಕುಲುಕಿದ ಮೇಲೆ ಶೇ. 64. ಅಲ್ಲಿಗೆ ನಿಂತಿತು. 64ರಿಂದ 74ರ ತನಕ ಇರುವ ಆ ಹತ್ತು ಪಾಲು ಕುಕ್ಕಿ ಕುಕ್ಕಿ ಸಿಗುವಂಥದ್ದಲ್ಲ.

ಮಾಮೂಲಿ ಭೌತಶಾಸ್ತ್ರದ ಉತ್ತರ ಇಲ್ಲಿ ನಡೆಯುವುದಿಲ್ಲ. ನೀರಿನ ಅಣುಗಳು ಶಾಖದಿಂದ ಸದಾ ಒದ್ದಾಡುತ್ತಿರುತ್ತವೆ, ಹಾಗಾಗಿ ತಣ್ಣಗೆ ಮಾಡಿದರೆ ತಮ್ಮ ತಮ್ಮ ಜಾಗ ಹುಡುಕಿಕೊಂಡು ಮಂಜುಗಡ್ಡೆ ಆಗುತ್ತವೆ. ಅಡಿಕೆಗೆ ಆ ಭಾಗ್ಯ ಇಲ್ಲ. ಐದು ಗ್ರಾಂ ಇರುವ ಒಂದು ಅಡಿಕೆ ತನ್ನಷ್ಟೇ ಎತ್ತರ, ಅಂದರೆ ಎರಡು ಸೆಂಟಿಮೀಟರ್, ಮೇಲೇಳಬೇಕು ಅಂದುಕೊಳ್ಳಿ. ಅದಕ್ಕೆ ಒಂದು ಜೂಲ್‌ನ ಸಾವಿರದ ಒಂದು ಪಾಲು ಶಕ್ತಿ ಬೇಕು. ಕೋಣೆಯ ಶಾಖ ಕೊಡುವ ತಳ್ಳು ಎಷ್ಟು ಗೊತ್ತಾ? ಬೇಕಾದ ಶಕ್ತಿ ಅದರ ಎರಡು ಸಾವಿರ ಕೋಟಿ ಕೋಟಿ ಪಟ್ಟಿಗಿಂತ ಹೆಚ್ಚು, ಲೆಕ್ಕ ಹಾಕಿದರೆ ಸುಮಾರು 24ರ ಮುಂದೆ 16 ಸೊನ್ನೆ ಬರುತ್ತದೆ. ಅಂದರೆ ಚೀಲ ಪ್ರಳಯದ ತನಕ ಅಟ್ಟದಲ್ಲೇ ಇದ್ದರೂ ಒಳಗಿನ ಅಡಿಕೆ ತಾನಾಗಿ ಪಕ್ಕಕ್ಕೆ ಸರಿಯುವುದಿಲ್ಲ. ಹೊರಗಿನವರು ಕುಕ್ಕಬೇಕು. ಕುಕ್ಕಿದಷ್ಟೂ ಸಿಕ್ಕಿಹಾಕಿಕೊಳ್ಳುತ್ತದೆ.

ಷಿಕಾಗೊ ವಿಶ್ವವಿದ್ಯಾಲಯದವರು ಇದನ್ನೇ ಹಟ ಹಿಡಿದು ಮಾಡಿದರು. ಉದ್ದನೆಯ ಕೊಳವೆಗೆ ಗಾಜಿನ ಮಣಿ ತುಂಬಿ, ಸಾವಿರ ಸಾವಿರ ಸಲ ತಟ್ಟಿ, ಎಷ್ಟು ಇಳಿಯಿತು ಅಂತ ಅಳೆದು 1995ರಲ್ಲಿ ಪ್ರಕಟಿಸಿದರು. ಇಳಿಯುವುದು ನಿಲ್ಲುವುದಿಲ್ಲ, ಆದರೆ ವಿಪರೀತ ನಿಧಾನ. ಮೊದಲ ಹತ್ತಿಪ್ಪತ್ತು ತಟ್ಟಿಗೆ ಆದ ಕೆಲಸ ಮುಂದೆ ಆಗಬೇಕಾದರೆ ನೂರಾರು ಬೇಕು, ಆಮೇಲೆ ಸಾವಿರಾರು. ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ ಗುಂಪು ಆಮೇಲೆ ತೋರಿಸಿದ್ದು: ಒಂದೇ ಸಮ ಮೆಲ್ಲಗೆ ತಟ್ಟುತ್ತಾ ಹೋಗುವುದಕ್ಕಿಂತ, ಮೊದಲು ಜೋರಾಗಿ ತಟ್ಟಿ ಆಮೇಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದರೆ ಮಣಿಗಳು ಇನ್ನೂ ಒತ್ತಾಗಿ ಕೂರುತ್ತವೆ. ಹಮಾಲಿ ಕೆಲಸ ಮಾಡುವವರ ಕೈ ನೋಡಿ. ಮೊದಲು ಧೊಪ್ಪೆಂದು ಎರಡು ಸಲ, ಆಮೇಲೆ ಮೆಲ್ಲಗೆ ಆಚೀಚೆ ಅಲ್ಲಾಡಿಸುವುದು.

ಈಗ ಅಡಿಕೆ ಬಿಟ್ಟು ತಾಮ್ರಕ್ಕೆ ಹೋಗೋಣ, ಅಲ್ಲೂ ಹೀಗೇ ಸಿಕ್ಕಿಹಾಕಿಕೊಳ್ಳುವ ಕಥೆ ಇದೆ. ತಾಮ್ರದಲ್ಲಿ ಶೇಕಡಾ ಒಂದೆರಡು ಮ್ಯಾಂಗನೀಸ್ ಬೆರೆಸಿದರೆ ಆ ಮ್ಯಾಂಗನೀಸ್ ಪರಮಾಣುಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡು ಕೂರುತ್ತವೆ. ಒಂದೊಂದೂ ಪುಟ್ಟ ಅಯಸ್ಕಾಂತ. ದೂರಕ್ಕೆ ತಕ್ಕಂತೆ ಕೆಲವು ಜೋಡಿಗೆ ಒಂದೇ ದಿಕ್ಕಿಗೆ ತಿರುಗುವ ಆಸೆ, ಕೆಲವಕ್ಕೆ ವಿರುದ್ಧ ದಿಕ್ಕಿಗೆ. ಇದಕ್ಕೆ ಸ್ಪಿನ್ ಗ್ಲಾಸ್ ಅನ್ನುತ್ತಾರೆ. ತೊಂದರೆ ಎಲ್ಲಿ ಅಂದರೆ, ಮದುವೆ ಮನೆಯಲ್ಲಿ ಎರಡೇ ಪಂಕ್ತಿ ಇದೆ, ಮೂವರು ದಾಯಾದಿಗಳು ಬಂದಿದ್ದಾರೆ, ಒಬ್ಬರಿಗೊಬ್ಬರು ಮಾತಿಲ್ಲ ಅಂದುಕೊಳ್ಳಿ. ಹೇಗೆ ಕೂರಿಸಿದರೂ ಇಬ್ಬರು ಒಂದೇ ಪಂಕ್ತಿಗೆ ಬಂದೇ ಬರುತ್ತಾರೆ. ಒಟ್ಟು ಎಂಟು ಬಗೆಯಲ್ಲಿ ಕೂರಿಸಬಹುದು. ಮೂವರನ್ನೂ ಒಂದೇ ಕಡೆ ತಳ್ಳುವ ಎರಡನ್ನು ಬಿಟ್ಟರೆ ಉಳಿದ ಆರೂ ಒಂದೇ ಸಮ ಕೆಟ್ಟವು. ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ಕಾರಣವೇ ಇಲ್ಲ. ಮೂವರ ಬದಲು ಕೋಟಿ ಕೋಟಿ ಪರಮಾಣುಗಳಿದ್ದರೆ ಸಿಕ್ಕಿಹಾಕಿಕೊಳ್ಳುವ ದಾರಿಗಳೂ ಎಣಿಕೆ ಮೀರಿ ಬೆಳೆಯುತ್ತವೆ.

1975ರಲ್ಲಿ ಭೌತಶಾಸ್ತ್ರಜ್ಞರಾದ ಸ್ಯಾಮ್ ಎಡ್ವರ್ಡ್ಸ್ ಮತ್ತು ಫಿಲಿಪ್ ಆಂಡರ್ಸನ್ ಇದಕ್ಕೊಂದು ಮಾದರಿ ಕೊಟ್ಟರು. ಲೆಕ್ಕಕ್ಕೆ ಅವರು ಬಳಸಿದ್ದು ರೆಪ್ಲಿಕಾ ಉಪಾಯ: ಒಂದೇ ವಸ್ತುವಿನ ಎನ್ ಪ್ರತಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡು, ಕೊನೆಗೆ ಎನ್ ಅನ್ನು ಸೊನ್ನೆ ಮಾಡು. ಹೌದು, ಸೊನ್ನೆ ಪ್ರತಿ! ಅದೇ ವರ್ಷ ಷೆರಿಂಗ್ಟನ್ ಮತ್ತು ಕರ್ಕ್‌ಪ್ಯಾಟ್ರಿಕ್ ಇನ್ನೂ ಸರಳವಾದ, ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಜೊತೆ ನಂಟಿರುವ ಮಾದರಿ ಬಿಡಿಸಿದರು. ಆದರೆ ಅವರ ಉತ್ತರದಲ್ಲಿ ತೀರಾ ಕಡಿಮೆ ಉಷ್ಣತೆಗೆ ಎಂಟ್ರೊಪಿ ಸೊನ್ನೆಗಿಂತ ಕೆಳಗೆ ಹೋಯಿತು. ಎಂಟ್ರೊಪಿ ಅಂದರೆ ಇಲ್ಲಿ ಎಷ್ಟು ಬಗೆಯಲ್ಲಿ ಇರಬಹುದು ಅನ್ನುವ ಎಣಿಕೆಯ ಲಾಗರಿದಂ, ಒಂದಕ್ಕಿಂತ ಕಡಿಮೆ ಬಗೆ ಇರಲು ಸಾಧ್ಯವೇ ಇಲ್ಲ, ಅಲ್ವಾ? ಎಲ್ಲ ಪ್ರತಿಗಳೂ ಒಂದೇ ಥರ ಅಂತ ನಂಬಿದ್ದೇ ಎಡವಟ್ಟು ಅಂತ 1979ರಲ್ಲಿ ಜಾರ್ಜೊ ಪರೀಸಿ ಕಂಡುಕೊಂಡರು. ಬೇರೆ ಬೇರೆ ಪ್ರತಿ ಬೇರೆ ಬೇರೆ ಕಡೆ ಸಿಕ್ಕಿಕೊಳ್ಳುತ್ತದೆ. ಆ ಸಿಕ್ಕುಗಳು ಗುಂಪಾಗಿವೆ, ಗುಂಪಿನೊಳಗೆ ಮತ್ತೆ ಗುಂಪು, ಅದರೊಳಗೆ ಮತ್ತೆ. ಗಣಿತದವರಿಗೆ ಈ ದಾರಿ ಸುತರಾಂ ಒಪ್ಪಿಗೆ ಇರಲಿಲ್ಲ, ಆದರೆ ಉತ್ತರ ಸರಿ ಅಂತ ಕೊನೆಗೆ ಅವರೇ ಸಾಧಿಸಿದರು. ಗ್ವೆರಾ 2003ರಲ್ಲಿ ಅರ್ಧ ದಾರಿ ಹೋದರು, ತಾಲಗ್ರಾನ್ ಅವರ ಪೂರ್ತಿ ಸಾಧನೆ 2006ರಲ್ಲಿ ಪ್ರಕಟವಾಯಿತು. 2021ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪರೀಸಿಗೆ ಬಂತು. ಉಳಿದರ್ಧ ಹವಾಮಾನದ ಲೆಕ್ಕ ಮಾಡಿದ ಮನಾಬೆ ಮತ್ತು ಹಾಸೆಲ್‌ಮನ್ ಅವರಿಗೆ ಹೋದ್ದರಿಂದ ನಾನು ಓದಿದ ಬರಹಗಳಲ್ಲೆಲ್ಲ ಬರೀ ಹವಾಮಾನದ ಮಾತೇ. ಪರೀಸಿಗೆ ಒಂದು ಪ್ಯಾರಾ ಸಿಕ್ಕಿದ್ದರೆ ಹೆಚ್ಚು.

ಇದೇ ಕರ್ಕ್‌ಪ್ಯಾಟ್ರಿಕ್ 1983ರಲ್ಲಿ ಐಬಿಎಂನಲ್ಲಿದ್ದಾಗ ಗೆಲಾಟ್, ವೆಕ್ಕಿ ಜೊತೆ ಸೇರಿ ಸಿಮ್ಯುಲೇಟೆಡ್ ಅನೀಲಿಂಗ್ ಅನ್ನುವ ವಿಧಾನ ಕೊಟ್ಟರು. ಚಿಪ್ ಮೇಲೆ ಬಿಡಿಭಾಗ ಜೋಡಿಸುವಂಥ ತಲೆನೋವಿನ ಲೆಕ್ಕಗಳಿಗೆ ಅದು. ಮೊದಲು ಜೋರಾಗಿ ಕಲಕು, ಆಮೇಲೆ ನಿಧಾನಕ್ಕೆ ಕಡಿಮೆ ಮಾಡುತ್ತಾ ಬಾ. ಹಮಾಲರ ಕೈಯಲ್ಲಿ ಇದ್ದದ್ದೂ ಅದೇ.

ಎಡ್ವರ್ಡ್ಸ್ ಕೂಡ ಸುಮ್ನಿರಲಿಲ್ಲ. 1989ರಲ್ಲಿ ಓಕ್‌ಷಾಟ್ ಜೊತೆ ಸೇರಿ ಮರಳು, ಪುಡಿ, ಕಾಳುಗಳಿಗೂ ಸಂಖ್ಯಾ ಭೌತಶಾಸ್ತ್ರ ಬರೆಯಬಹುದು ಅಂದರು. ಕಾಳಿಗೆ ಶಾಖ ಲೆಕ್ಕಕ್ಕಿಲ್ಲ, ಸರಿ, ಹಾಗಾದರೆ ಶಕ್ತಿಯ ಜಾಗದಲ್ಲಿ ಗಾತ್ರ ಇಡಿ, ಇಷ್ಟು ಗಾತ್ರದಲ್ಲಿ ಎಷ್ಟು ಬಗೆಯಲ್ಲಿ ಸಿಕ್ಕಿಕೊಂಡು ಕೂರಬಹುದು ಅಂತ ಎಣಿಸಿ. ಧೈರ್ಯದ ಮಾತು. ಎಲ್ಲ ಸಿಕ್ಕುಗಳಿಗೂ ಸಮಾನ ಅವಕಾಶ ಅನ್ನುವ ಅವರ ಊಹೆಯ ಮೇಲೆ ಆಮೇಲೆ ಎಷ್ಟು ಜಗಳ ಆಯಿತೋ. ಆದರೂ ಸಿಕ್ಕಿಹಾಕಿಕೊಳ್ಳುವುದನ್ನೇ ಎಣಿಸಲು ಹೊರಟದ್ದಿದೆಯಲ್ಲ, ಈ ಇಡೀ ವಿಷಯದಲ್ಲಿ ನನಗೆ ಹಿಡಿಸಿದ್ದು ಅದೇ.

ಸ್ಪಿನ್ ಗ್ಲಾಸ್, ಕಾಳಿನ ರಾಶಿ, ಈ ಎರಡೂ ಎಳೆ ಒಂದಾದದ್ದು 2014ರಲ್ಲಿ. ಶಾರ್ಬೊನೊ, ಕುರ್ಚಾನ್, ಪರೀಸಿ, ಉರ್ಬಾನಿ, ಝಂಪೋನಿ ಐವರೂ ಸೇರಿ, ಅನಂತ ಆಯಾಮಗಳಲ್ಲಿ, ಅಂದರೆ ಉದ್ದ, ಅಗಲ, ಎತ್ತರದಂಥ ದಿಕ್ಕುಗಳು ಲೆಕ್ಕವಿಲ್ಲದಷ್ಟು ಇರುವ ಕಾಲ್ಪನಿಕ ಜಾಗದಲ್ಲಿ, ಗಟ್ಟಿ ಗುಂಡುಗಳ ರಾಶಿಗೆ ರೆಪ್ಲಿಕಾ ಲೆಕ್ಕ ಮಾಡಿದರು. ರಾಶಿ ಬಿಗಿಯಾಗುವ ಹೊತ್ತಿಗೆ ಅದೇ ಗುಂಪಿನೊಳಗೆ ಗುಂಪು ಬಂತು. ಗುಂಡುಗಳು ಒಂದನ್ನೊಂದು ತೀರಾ ಮೆಲ್ಲಗೆ ಒತ್ತುವ ಜಾಗಗಳು ಎಷ್ಟು ಸಿಗುತ್ತವೆ, ಪಕ್ಕದವುಗಳ ನಡುವೆ ತೀರಾ ಸಣ್ಣ ಸಂದುಗಳು ಎಷ್ಟು ಉಳಿಯುತ್ತವೆ ಅನ್ನುವುದನ್ನು ಹೇಳುವ ಎರಡು ಘಾತಾಂಕಗಳೂ ಸಿಕ್ಕಿದವು, ಸುಮಾರು 0.42 ಮತ್ತು 0.41. ಅಚ್ಚರಿ ಅಂದರೆ ಎರಡು, ಮೂರು ಆಯಾಮಗಳಲ್ಲಿ ಕಂಪ್ಯೂಟರ್‌ನಲ್ಲಿ ಗುಂಡು ತುಂಬಿ ನೋಡಿದಾಗಲೂ ಹೆಚ್ಚುಕಡಿಮೆ ಇವೇ ಬರುತ್ತವೆ. ಆದರೆ ಆ ಗುಂಡುಗಳು ಪಕ್ಕಾ ದುಂಡು, ನುಣುಪು, ಒಂದಕ್ಕೊಂದು ಉಜ್ಜಾಟವೇ ಇಲ್ಲ. ಅಡಿಕೆಗೆ ಒಂದು ಕಡೆ ಚಪ್ಪಟೆ, ಮೈಯೆಲ್ಲ ಒರಟು. ಉಜ್ಜಾಟ ಸೇರಿಸಿದ ಕೂಡಲೇ ಈ ಲೆಕ್ಕ ಹೀಗೇ ನಡೆಯುವುದಿಲ್ಲ, ಅದರ ಮೇಲೆ ಇನ್ನೂ ಕೆಲಸ ನಡೆಯುತ್ತಿದೆ.